ರಗತದ ಹೆಪ್ಪು

ಮೊಸರಿನಲ್ಲಿ ಕಲ್ಲು ಹುಡುಕುವುದು ಎಂದು ಜನ ಆಡಿಕೊಳ್ಳುತ್ತಾರಲ್ಲ, ನನ್ನ ನೌಕರಿಯೇ ಅದು. ಗುಳೇದಗುಡ್ಡದ ಹೆಪ್ಪು ಕೇಂದ್ರದಲ್ಲಿ ಹದಿನೆಂಟು ವರ್ಷಗಳಿಂದ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಬಿಳಿ ಕೋಟು ಹಾಕಿಕೊಂಡು ಕೂರುತ್ತೇನೆ. ಊರೂರಿನಿಂದ ಬಂದ ಮೊಸರಿನ ಸೀಸೆಗಳನ್ನು ಸಾಲಾಗಿ ಇಟ್ಟುಕೊಂಡು, ಯಾವುದರಲ್ಲಿ ಯಾವ ಜೀವಾಣು ಎಷ್ಟಿದೆ ಎಂದು ನೋಡಿ ಬರೆಯುತ್ತೇನೆ. ಮನೆಗೆ ಹೋದರೆ ಕೈ ತೊಳೆದರೂ ಹುಳಿ ವಾಸನೆ ಹೋಗುವುದಿಲ್ಲ. ನನ್ನ ಹೆಸರು ಮಹಾನಂದಾ. ವಯಸ್ಸು ನಲವತ್ತಾರು, ದಣಿವಿನ ವಯಸ್ಸು ಇನ್ನೂ ಇಪ್ಪತ್ತು ಹೆಚ್ಚು.

ಈ ಹೆಪ್ಪಿನ ಕಥೆ ಶುರುವಾದದ್ದು ಒಂದು ಹಳೆಯ ಸುಳ್ಳಿನಿಂದ. ಶಾಲೆಗೆ, ಮಹಿಳಾ ಮಂಡಳಕ್ಕೆ ಭಾಷಣ ಮಾಡಲು ಬರುವವರೆಲ್ಲ ಹೇಳುತ್ತಿದ್ದರು: ಹಸಿರೆಲೆ ತಿನ್ನಿ, ಎಲೆಯ ಹಸಿರೇ ಮೈಯೊಳಗೆ ಹೋಗಿ ನೆತ್ತರಾಗುತ್ತದೆ ಎಂದು. ಕೇಳಲು ಚೆಂದ. ನಿಜಕ್ಕೂ ಎಲೆಯ ಹಸಿರಿಗೂ ನೆತ್ತರಿನ ಕೆಂಪಿಗೂ ಹತ್ತಿರದ ನಂಟು. ಎರಡೂ ಸರಿಸುಮಾರು ಒಂದೇ ಉಂಗುರ, ಹರಳು ಮಾತ್ರ ಬೇರೆ. ಎಲೆಯ ಉಂಗುರದ ನಡುವೆ ಮೆಗ್ನೀಸಿಯಂ ಕೂತಿದೆ, ನೆತ್ತರಿನ ಉಂಗುರದ ನಡುವೆ ಕಬ್ಬಿಣ. ಆದರೆ ನಮ್ಮ ಹೊಟ್ಟೆಗೆ ಈ ನಂಟು ಬೇಕಾಗಿಲ್ಲ. ಅದು ಎಲೆಯಿಂದ ತನಗೆ ಬೇಕಾದ ನಾಲ್ಕು ಜೀವಸತ್ವ, ಒಂದಿಷ್ಟು ನಾರು ತೆಗೆದುಕೊಂಡು ಉಂಗುರವನ್ನು ಹೊರಗೆ ಹಾಕಿಬಿಡುತ್ತದೆ. ಎಲೆಯಲ್ಲಿರುವ ಕಬ್ಬಿಣದಲ್ಲೂ ಮೈಗೆ ಹತ್ತುವುದು ಚೂರೇ ಚೂರು. ಹೀಗಾಗಿ ನಮ್ಮ ಹೆಂಗಸರು ಹುಟ್ಟಿದಾಗಿನಿಂದ ಮೆಂತ್ಯ, ರಾಜಗಿರಿ, ಪುಂಡಿ ತಿನ್ನುತ್ತಲೇ ಇದ್ದರು, ಬಿಳಿಚಿಕೊಂಡೇ ಇದ್ದರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು.

ನಮ್ಮ ಕೇಂದ್ರದ ಮುಖ್ಯಸ್ಥರು ಡಾಕ್ಟರ್ ತೇಜಪಾಲ ಮಗದುಮ್. ಮಾತು ಕಡಿಮೆ, ಚಹಾ ಹೆಚ್ಚು. ಅವರು ಒಂದು ದಿನ ಕೇಳಿದ ಪ್ರಶ್ನೆ ಇಷ್ಟೇ: ಹೊಟ್ಟೆಗೆ ಬಾರದ ಕೆಲಸವನ್ನು ಹೊಟ್ಟೆಯೊಳಗಿನ ಯಾವುದಾದರೂ ಜೀವಾಣುವಿಗೆ ಕಲಿಸಿದರೆ? ಹನ್ನೊಂದು ವರ್ಷ ಕಲಿಸಿದರು. ಕೊನೆಗೆ ಮೊಸರು ಹೆಪ್ಪುಗಟ್ಟಿಸುವ ಒಂದು ಜೀವಾಣು ಆ ಕಸುಬು ಕಲಿಯಿತು. ಅದು ಕರುಳಿನಲ್ಲಿ ಕೂತು, ಎಲೆಯ ಉಂಗುರ ಬಂದ ಕೂಡಲೇ ಮೆಗ್ನೀಸಿಯಂ ಕಳಚಿ ಅಲ್ಲೇ ಬಿದ್ದಿರುವ ಕಬ್ಬಿಣವನ್ನು ಕೂರಿಸುತ್ತದೆ. ಹಾಗೆ ಕೂತ ಕಬ್ಬಿಣವನ್ನು ಮೈ ಬೇಡ ಎನ್ನುವುದಿಲ್ಲ. ಒಂಬತ್ತನೆಯ ತಳಿ ಕೈಹಿಡಿದದ್ದರಿಂದ ಹರಿತ-೯ ಎಂದು ಹೆಸರಿಟ್ಟರು.

ತೆಂಕಣ ಜಿಲ್ಲೆಗಳಲ್ಲಿ ಅದು ಸೋತಿತು. ಅಲ್ಲಿ ಸೊಪ್ಪನ್ನು ಬೇಯಿಸಿ, ಬಸಿದು, ಹುಣಸೆ ಹಿಂಡುತ್ತಾರೆ. ಹುಳಿ ಬಿದ್ದ ಕೂಡಲೇ ಉಂಗುರದ ಹರಳು ಉದುರುತ್ತದೆ, ನಮ್ಮ ಜೀವಾಣುವಿಗೆ ಹರಳಿರುವ ಉಂಗುರವೇ ಗುರುತು. ನಮ್ಮ ಕಡೆ ಹಾಗಲ್ಲ. ರೊಟ್ಟಿಯ ಜೊತೆ ತಪ್ಪಲು, ಎಂದರೆ ಸೊಪ್ಪು, ಹಸಿಹಸಿಯಾಗಿಯೇ ಬೇಕು. ಹಕ್ಕರಕಿಯನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ ಹಾಕಿ, ಗುರೆಳ್ಳು ಹಿಂಡಿಯ ಚಟ್ನಿಪುಡಿ ಉದುರಿಸಿ, ಮೇಲೆ ಗಟ್ಟಿ ಮೊಸರು ಸುರಿದು ತಿನ್ನುವ ಜನ ನಾವು. ಮಗದುಮ್ಮರು ಹನ್ನೊಂದು ವರ್ಷ ಹುಡುಕಿದ್ದು ನಮ್ಮ ತಟ್ಟೆಯಲ್ಲೇ ಇತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ನಾವು ಸುಳ್ಳು ಮಾಡಿದೆವು ಎಂದು ಅವತ್ತು ಬೀಗಿದ್ದೆ.

ಒಂದೊಂದು ಓಣಿಗೆ ಒಂದೊಂದು ಪೊಟ್ಟಣ ಕೊಟ್ಟೆವು. ಮುಂದಿನ ಕೆಲಸ ಹೆಂಗಸರೇ ಮಾಡಿದರು. ಹೆಪ್ಪು ಕೇಳಿದರೆ ಇಲ್ಲ ಎನ್ನುವ ಮನೆ ನಮ್ಮಲ್ಲಿಲ್ಲ. ಒಂದು ಚಮಚ ಆ ಮನೆಗೆ, ಅಲ್ಲಿಂದ ಒಂದು ಚಮಚ ತವರಿಗೆ, ತವರಿನಿಂದ ನಾದಿನಿಯ ಊರಿಗೆ. ಎರಡು ವರ್ಷದಲ್ಲಿ ಜಿಲ್ಲೆ ತುಂಬಿತು. ಜನ ಅದನ್ನು ಹರಿತ ಎನ್ನಲಿಲ್ಲ, ರಗತದ ಹೆಪ್ಪು ಎಂದರು. ಬೆಂಗಳೂರಿನಿಂದ ಗಾಬರಿಯ ಪತ್ರ ಬಂತು: ಈ ಹೆಸರು ಕೇಳಿದರೆ ರಕ್ತ ಹೆಪ್ಪುಗಟ್ಟುವ ಕಾಯಿಲೆಯೆಂದು ತಿಳಿದಾರು, ಕೂಡಲೇ ಬದಲಿಸಿ ಎಂದು. ಆ ಪತ್ರಕ್ಕೆ ಇಲ್ಲಿ ಯಾರೂ ಸೊಪ್ಪು ಹಾಕಲಿಲ್ಲ.

ಕೇಂದ್ರದ ಒಳಕೋಣೆಯ ಗೋಡೆಗೆ ದೊಡ್ಡ ಪರದೆಯಿದೆ. ಪ್ರತಿ ಊರಿನ ಹೆಂಗಸರ ಹಿಮೋಗ್ಲೋಬಿನ್ ಅದರ ಮೇಲೆ ಮೂಡುತ್ತದೆ. ಏಳು ವರ್ಷದ ಹಿಂದೆ ಒಂಬತ್ತರ ಆಸುಪಾಸು ತೆವಳುತ್ತಿದ್ದ ಗೆರೆ ಈಗ ಹನ್ನೆರಡೂವರೆ ದಾಟಿದೆ. ಬಾವಿಯ ಮೆಟ್ಟಿಲ ನಡುವೆ ಕೂತು ಏದುಸಿರು ಬಿಡುತ್ತಿದ್ದ ನೇಕಾರ ಹೆಂಗಸರು ಈಗ ಕೊಡ ಹೊತ್ತು ನೇರ ಮೇಲಕ್ಕೆ ಹೋಗುತ್ತಾರೆ. ಆ ಗೆರೆ ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಸಂತೋಷಪಡುವುದಕ್ಕೂ ಒಂದಿಷ್ಟು ಕಸುವು ಬೇಕು, ಅದೇ ಸಾಲದಾಗಿದೆ.

ಯಾಕೆಂದರೆ ಜಿಲ್ಲೆಯಲ್ಲಿ ಆ ಹೆಪ್ಪು ಹೋಗಬಾರದ ಮನೆಗಳಲ್ಲಿ ನಮ್ಮದೂ ಒಂದು.

ಕಸ್ತೂರಿ ನನ್ನ ತಂಗಿ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳಿಗೆ ಹುಟ್ಟಿನಿಂದ ಥಲಸೇಮಿಯಾ. ಅವಳ ಮೂಳೆಯಲ್ಲಿ ಹುಟ್ಟುವ ಕೆಂಪು ಕಣ ಬಲಿಯುವ ಮೊದಲೇ ಒಡೆದುಹೋಗುತ್ತದೆ. ಮೂರು ವಾರಕ್ಕೊಮ್ಮೆ ಬೇರೆಯವರ ನೆತ್ತರು ಎರಡು ಚೀಲ ಏರಿಸಲೇಬೇಕು. ನನ್ನ ಅಸ್ಥಿಮಜ್ಜೆ ಅವಳಿಗೆ ಹೊಂದಲಿಲ್ಲ. ಏರಿಸಿದ ಪ್ರತಿ ಚೀಲದಲ್ಲೂ ಕಬ್ಬಿಣ ಇರುತ್ತದೆ. ಮೈಯೊಳಗೆ ಬರಲು ಕಬ್ಬಿಣಕ್ಕೆ ಬಾಗಿಲಿದೆ, ಹೊರಗೆ ಹೋಗಲು ಇಲ್ಲ. ಅದು ಪಿತ್ತಜನಕಾಂಗದಲ್ಲಿ, ಆಮೇಲೆ ಹೃದಯದಲ್ಲಿ ಕೂರುತ್ತದೆ. ಅದನ್ನು ಹೊರಗೆಳೆಯಲು ದಿನಾ ಗುಳಿಗೆ ನುಂಗಬೇಕು. ಊರಿನವರಿಗೆಲ್ಲ ಕಬ್ಬಿಣ ಕಡಿಮೆ, ನನ್ನ ತಂಗಿಗೆ ಹೆಚ್ಚು. ಊರಿಗೆ ಅಮೃತವಾದ ಹೆಪ್ಪು ಅವಳಿಗೆ ವಿಷ.

ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಹೊಸ ಹೆಪ್ಪು ಓಣಿಗೆ ಬಂದ ದಿನ ಅವ್ವನನ್ನು ಕೂರಿಸಿಕೊಂಡು ಹೇಳಿದ್ದೆ: ನಮ್ಮ ಮನೆಯಲ್ಲಿ ನಿನ್ನ ತವರಿನ ಹಳೆಯ ಹೆಪ್ಪೇ ಇರಲಿ, ಯಾರ ಮನೆಯದೂ ತರಬೇಡ ಎಂದು. ಅವ್ವ ತಲೆಯಾಡಿಸಿದ್ದಳು. ಕಸ್ತೂರಿಗೆ ಮದುವೆ ಮನೆಯ ಮಜ್ಜಿಗೆಯೂ ಇಲ್ಲ, ಗುಡಿಯ ಮೊಸರನ್ನವೂ ಇಲ್ಲ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತೇ ಅವಳು ನಗುತ್ತಿದ್ದಳು. "ಊರಿಗೆಲ್ಲ ಊಟಾ ಬಡಿಸಿ ಮನ್ಯಾಕಿಗೆ ಉಪಾಸ ಕೆಡವಿದಿ ನೋಡಕ್ಕ" ಎನ್ನುತ್ತಿದ್ದಳು.

ಆದರೂ ಆ ಹೆಪ್ಪಿನ ಉಪಕಾರ ನಮ್ಮ ಮನೆಗೇ ಎಲ್ಲರಿಗಿಂತ ಹೆಚ್ಚು. ಮೊದಲು ನೆತ್ತರಿಗಾಗಿ ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಓಣಿಯ ಹೆಂಗಸರಿಗೆ ಕೊಡುವ ಮನಸ್ಸಿತ್ತು, ರಕ್ತ ಕೇಂದ್ರದವರು ಬೆರಳು ಚುಚ್ಚಿ ನೋಡಿ, ನಿಮಗೇ ಇಲ್ಲ ತಾಯಿ, ಹೋಗಿ ಊಟ ಮಾಡಿ ಎಂದು ಕಳಿಸುತ್ತಿದ್ದರು. ನನ್ನನ್ನೂ ಹಾಗೇ ಎಷ್ಟೋ ಸಲ ಕಳಿಸಿದ್ದಾರೆ. ಈಗ ಓಣಿಯಲ್ಲೇ ಪಾಳಿಯಿದೆ. ಈ ಸಲ ಪಕ್ಕದ ಮನೆಯ ಖಾಜಾಬಿ ಮತ್ತು ಅವಳ ಸೊಸೆ ಶಮಶಾದ್, ಮುಂದಿನ ಸಲ ಇನ್ನಿಬ್ಬರು. ನಾನು ಕೇಂದ್ರದಲ್ಲೇ ಊಟದ ಹೊತ್ತಿಗೆ ಹೊಸ ಹೆಪ್ಪಿನ ಮೊಸರು, ತಪ್ಪಲು ತಿಂದು, ಬಾಯಿ ಕೈ ಸಾಬೂನಿನಿಂದ ತೊಳೆದುಕೊಂಡು ಮನೆಗೆ ಬರುತ್ತಿದ್ದೆ. ನನ್ನದೂ ಹದಿಮೂರಕ್ಕೆ ಏರಿ, ಮೊದಲ ಬಾರಿ ತಂಗಿಗೆ ನೆತ್ತರು ಕೊಟ್ಟ ದಿನ ನಾನು ಅತ್ತುಬಿಟ್ಟೆ.

ಹೋದ ವರ್ಷ ಶ್ರಾವಣದಲ್ಲಿ ಕಸ್ತೂರಿಯ ವರದಿ ಬಂತು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ ಆರು ತಿಂಗಳಲ್ಲಿ ಮೂರು ಪಟ್ಟು ಏರಿತ್ತು. ಹೃದಯದ ಸ್ಕ್ಯಾನ್ ಮಾಡಿದ ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾರ್ಟಿನ್ಯಾಗ ಕೂಡಾಕತ್ತೈತ್ರೀ. ಹಿಂಗ ಹೋದ್ರ ಎರಡ ವರ್ಷಾನೂ ಖಾತ್ರಿ ಇಲ್ಲ. ಗುಳಿಗಿ ನುಂಗಾಕತ್ತಿಲ್ಲ ಅಕಿ" ಎಂದರು.

ಮನೆಗೆ ಬಂದವಳೇ ಅವಳ ಮೇಲೆ ಹರಿಹಾಯ್ದೆ.

"ಗುಳಿಗಿ ಎಲ್ಲಿ ಚೆಲ್ತಿ? ಖರೇ ಹೇಳ."

"ಚೆಲ್ಲಿಲ್ಲಕ್ಕ. ಒಂದ್ ದಿನಾನೂ ಬಿಟ್ಟಿಲ್ಲ."

"ಮತ್ತ ಕಬ್ಬಿಣ ಏನ್ ಮುಗಲಿಂದ ಉದರತೈತೇನು?"

ಅವಳು ಕಂಡಿಕೆ ಬದಿಗಿಟ್ಟಳು. ಬೈದರೆ ಎರಡು ತಿರುಗಿ ಕೊಡುವ ಹುಡುಗಿ, ಅವತ್ತು ಎದ್ದು ಒಳಗೆ ಹೋದಳು. ಗುಳಿಗೆಯ ಖಾಲಿ ಹಾಳೆಗಳನ್ನೆಲ್ಲ ಒಂದು ಡಬ್ಬಿಯಲ್ಲಿ ತಂದು ನನ್ನ ಮುಂದೆ ಸುರಿದಳು. ಎರಡು ವರ್ಷದ ಹಾಳೆಗಳು. ನಾನು ನಂಬಲಾರೆನೆಂದು ಮೊದಲೇ ತಿಳಿದು ಕೂಡಿಟ್ಟಿದ್ದಳು. ನನಗೆ ನಾಚಿಕೆಯಾಯಿತು. ಕ್ಷಮಿಸು ಎನ್ನುವುದು ನಮ್ಮ ಮನೆಯ ಮಾತಲ್ಲ, ಹಾಗಾಗಿ ಚಹಾ ಮಾಡಿ ಕೊಟ್ಟೆ.

ಮರುದಿನ ನಮ್ಮ ಮನೆಯ ಮೊಸರನ್ನೇ ಒಂದು ಸೀಸೆಗೆ ಹಾಕಿಕೊಂಡು ಕೇಂದ್ರಕ್ಕೆ ಹೋದೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಮ್ಮ ಮನೆಯ ಮೊಸರನ್ನು ನೋಡಿರಲಿಲ್ಲ. ಊರಿನ ಮೊಸರಿನಲ್ಲೆಲ್ಲ ಕಲ್ಲು ಹುಡುಕಿದವಳು ನಾನು. ಹನ್ನೆರಡು ಗಂಟೆಗೆ ಫಲಿತಾಂಶ ಬಂತು. ಅವ್ವನ ತವರಿನ ಹಳೆಯ ಜೀವಾಣು ಒಂದೂ ಉಳಿದಿರಲಿಲ್ಲ. ಸೀಸೆಯ ತುಂಬ ಹರಿತ-೯.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೋಟನ್ನೂ ತೆಗೆಯದೆ ಅವಳ ಎದುರು ಕೂತೆ.

"ಅವ್ವಾ, ಯಾರ ಮನಿ ಹೆಪ್ಪ ತಂದಿ?"

"ಎಲ್ಲೀದವಾ? ನಾ ಯಾರ ಮನಿಗೂ ಹೋಗಿಲ್ಲ. ನಮ್ಮ ಹೆಪ್ಪನ ಮಂದಿಗೆ ಕೊಟ್ಟೀನಿ."

"ಯಾರಿಗೆ ಕೊಟ್ಟಿದ್ದಿ?"

"ಖಾಜಾಬಿಗೆ. ಅಕಿ ಮನ್ಯಾಗ ನಿಕಾ ಇತ್ತಲ್ಲ, ಮೊಸರೆಲ್ಲಾ ತೀರಿ ಹೆಪ್ಪಿಗೂ ಉಳದಿರಲಿಲ್ಲಂತ. ಬಟ್ಟಲ ಹಿಡಕೊಂಡ ಬಾಗಲಿಗೆ ಬಂದಾಕಿಗೆ ಇಲ್ಲ ಅನ್ನಾಕ ಬರತೈತೇನು?"

"ಕೊಟ್ಟದ್ದು ಬರೋಬ್ಬರಿ. ಆ ಬಟ್ಟಲ ತಿರಗಿ ಯಾರ ತಂದ್ರು?"

ಅವ್ವ ಮೊರ ಕೆಳಗಿಟ್ಟಳು. "ಎರಡ ದಿನಾ ಬಿಟ್ಟ ಅಕೀನ ತಂದ್ಲು. ಖಾಲಿ ಬಟ್ಟಲ ಕೊಡಬಾರದಂತ ಒಂದ ಚಮಚಾ ಮೊಸರ ಹಾಕಿ ತಂದಿದ್ಲು. ನಮ್ಮ ಹೆಪ್ಪಿಂದ ಆದ ಮೊಸರವಾ ಅದು, ಮಂದೀದಲ್ಲ. ಮನಿಗೆ ಬಂದದ್ದನ್ನ ಚೆಲ್ಲಾಕ ಬರತೈತೇನು? ಅವತ್ತಿನ ಹಾಲಿಗೆ ಹಾಕಿದೆ."

ನಮ್ಮ ಹೆಪ್ಪೇ ನಿಜ. ಆದರೆ ಖಾಜಾಬಿಯ ಮನೆಯ ಗಡಿಗೆಯ ಗೋಡೆಗಳಲ್ಲಿ ನಾಲ್ಕು ವರ್ಷದ ಹರಿತ ಕೂತಿತ್ತು. ಅದು ಹಟದ ಜೀವಾಣು. ಮೂರು ಸಲ ಹೆಪ್ಪು ಹಾಕುವಷ್ಟರಲ್ಲಿ ಬೇರೆಯದನ್ನೆಲ್ಲ ಒಕ್ಕಲೆಬ್ಬಿಸುತ್ತದೆ. ಹಟ ಇರುವಂತೆ ತಳಿ ಮಾಡಿದವರು ನಾವೇ. ನನ್ನ ನಿಯಮದಲ್ಲಿ ತರಬೇಡ ಎಂದು ಇತ್ತು, ಕೊಡಬೇಡ ಎಂದು ಇರಲಿಲ್ಲ. ಕೊಟ್ಟ ಬಟ್ಟಲು ಖಾಲಿ ಬರುವುದಿಲ್ಲ ಎಂಬುದು ನನಗೂ ಗೊತ್ತಿದ್ದ ವಿಷಯ, ನಾನೂ ಇದೇ ಮನೆಯಲ್ಲಿ ಬೆಳೆದವಳು. ವಿಜ್ಞಾನಿಯಾಗಿ ಯೋಚಿಸುವಾಗ ಅದು ನೆನಪಾಗಲಿಲ್ಲ.

ಅವ್ವನಿಗೆ ಎಲ್ಲ ಹೇಳಿದೆ. ಹೇಳದೆ ಇರಬಹುದಿತ್ತು ಎಂದು ಈಗ ಅನಿಸುತ್ತದೆ. ಅವಳು ಅಳಲಿಲ್ಲ. ಜೋಳದಲ್ಲಿ ಕಲ್ಲು ಆರಿಸುತ್ತಲೇ, "ನನ್ನ ಕೈಲೇ ಉಣಿಸಿದೆ" ಎಂದಳು. ಅಷ್ಟೇ.

ಮೊಸರಿನ ಗಡಿಗೆ ಒಡೆದು ಹಾಕಿದೆವು. ಕಸ್ತೂರಿಗೆ ಎರಡು ಸಲ ಆಂಟಿಬಯಾಟಿಕ್ ಕೊಡಿಸಿದೆ. ಎರಡೂ ಸಲ ಹದಿನೈದು ದಿನದಲ್ಲಿ ಹರಿತ ಅವಳ ಕರುಳಿಗೆ ಮರಳಿತು. ಮನೆಯಲ್ಲಿ ಮೊಸರು ನಿಲ್ಲಿಸಿದರೇನು, ಬಾಗಿಲ ಚಿಲಕ, ನೀರಿನ ಕೊಡ, ಮಗ್ಗದ ಹಿಡಿ, ಊರೇ ಅದರಲ್ಲಿ ಮುಳುಗಿತ್ತು. ಜಿಲ್ಲೆಯ ಇನ್ನುಳಿದ ಥಲಸೇಮಿಯಾ ಮನೆಗಳಿಗೆ ನಾನೇ ಫೋನು ಮಾಡಿದೆ. ನಾಲ್ಕು ಮನೆಯಲ್ಲಿ ಇದೇ ಕಥೆ. ವರದಿ ಬರೆದು ಮೇಲಕ್ಕೆ ಕಳಿಸಿದೆವು. ಪೊಟ್ಟಣದ ಮೇಲೆ ಒಂದು ಸಾಲು ಎಚ್ಚರಿಕೆ ಅಚ್ಚು ಹಾಕುವ ಆದೇಶ ಬಂತು. ಜನ ಪೊಟ್ಟಣದಿಂದ ಹೆಪ್ಪು ಹಾಕುವುದನ್ನು ಬಿಟ್ಟು ಎಷ್ಟು ವರ್ಷವಾಯಿತೆಂದು ಆ ಸಾಲನ್ನು ಬರೆದವರಿಗೆ ಗೊತ್ತಿರಲಿಲ್ಲ.

ಮಗದುಮ್ಮರು ನನ್ನನ್ನು ಒಳಕೋಣೆಗೆ ಕರೆದರು. ಪರದೆಯ ಎದುರು ಎರಡು ಕಪ್ ಚಹಾ ಇತ್ತು.

"ಒಂದ ಹಾದಿ ಐತಿ ಮಹಾನಂದಾ. ನಿಮಗೂ ಗೊತ್ತೈತಿ. ಭಕ್ಷಕ."

ಗೊತ್ತಿತ್ತು. ಹರಿತವನ್ನೇ ಹುಡುಕಿ ತಿನ್ನುವ ಒಂದು ವೈರಸ್ಸು. ಮನುಷ್ಯರಿಗೆ ಏನೂ ಮಾಡದು. ತಳಿ ಕೈಮೀರಿದರೆ ಇರಲಿ ಎಂದು ಮೊದಲ ವರ್ಷವೇ ಮಾಡಿ, ಶೈತ್ಯದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದೆವು. ಒಂದು ಸೀಸೆ ಕುಡಿದರೆ ಕಸ್ತೂರಿಯ ಹೊಟ್ಟೆ ಶುದ್ಧವಾಗುತ್ತದೆ. ಹರಿತ ಮತ್ತೆ ಬಂದರೂ ಕಾವಲಿಗೆ ಅದು ಒಳಗೇ ಇರುತ್ತದೆ.

"ಆದ್ರ ಅದು ಅಕಿ ಹೊಟ್ಟ್ಯಾಗ ಸುಮ್ನ ಕೂಡಂಗಿಲ್ಲ," ಎಂದರು. "ಕೈಯಿಂದ, ನೀರಿಂದ, ನಮ್ಮ ಹೆಪ್ಪ ಹೆಂಗ ಹೋತು ಅದೂ ಹಂಗ ಹೋಕ್ಕೈತಿ. ಆರ ತಿಂಗಳಕ್ಕ ಈ ಜಿಲ್ಲಾದಾಗ ಹರಿತ ಇರಂಗಿಲ್ಲ." ಅವರು ಪರದೆಯ ಗೆರೆ ನೋಡಿದರು. "ನಾ ಹೂಂ ಅನ್ನಂಗಿಲ್ಲ, ಊಹೂಂ ಅನ್ನಾಕೂ ನನ್ನ ಕಡೆ ಆಗವಲ್ತು. ನನಗ ಸಾಕಾಗೈತಿ."

ಅದೇ ಸಂಜೆ ಐದಕ್ಕೆ ಎಲ್ಲರೂ ಹೋದ ಮೇಲೆ ನಾನು ಬೀಗ ತೆಗೆದೆ. ಕಿರುಬೆರಳುದ್ದದ ಸೀಸೆ. ಊಟದ ಡಬ್ಬಿಯಲ್ಲಿ ಮಂಜುಗಡ್ಡೆ ಹಾಕಿ ಅದರ ನಡುವೆ ಇಟ್ಟುಕೊಂಡೆ. ನನ್ನ ತಂಗಿ ಬದುಕಬೇಕು, ಮಿಕ್ಕದ್ದು ಊರು ನೋಡಿಕೊಳ್ಳಲಿ ಎಂದಷ್ಟೇ ಅಂದುಕೊಂಡೆ.

ಕಸ್ತೂರಿ ಸೀಸೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ನಾನು ಸುಳ್ಳು ಹೇಳಬೇಕೆಂದೇ ಬಂದಿದ್ದೆ, ಹೊಸ ಔಷಧ ಕುಡಿ ಎಂದು. ಅವಳು ಒಂದೇ ಪ್ರಶ್ನೆ ಕೇಳಿದಳು.

"ಇದು ನನ್ನ ಹೊಟ್ಟ್ಯಾಗಿಂದ ಹೊರಗ ಬರತೈತೇನು?"

ಹೆಪ್ಪಿನ ಮನೆಯಲ್ಲಿ ಬೆಳೆದ ಹುಡುಗಿ. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ಎಲ್ಲ ಹೇಳಿದೆ.

"ಅಂದ್ರ ಊರಾಗಿನ ರಗತದ ಹೆಪ್ಪ ಸತ್ತು ಹೋಕ್ಕೈತಿ."

"ಹೌದು."

"ಮತ್ತ ಎಲ್ಲಾರೂ ಮೊದಲಿನಂಗ ಬೆಳ್ಳಗ ಆಕ್ಕಾರ."

"ಒಮ್ಮಿಗಲೇ ಅಲ್ಲ. ವರ್ಷ, ಎರಡ ವರ್ಷ."

"ಆಮ್ಯಾಲ ನನಗ ರಗತಾ ಯಾರ ಕೊಡ್ತಾರಕ್ಕ?" ಎಂದಳು. "ಶಮಶಾದ್‌ಗ ಈಗ ನಾಕನೇ ತಿಂಗಳು. ಮೊದಲನೇದ್ದ ಹಡೆಯೂದ್ರಾಗ ಸತ್ತ ಬದಕಿದ್ಲು, ಮರತೇನು? ಹೃದಯಾ ನೆಟ್ಟಗ ಇಟಗೊಂಡು, ರಗತ ಇಲ್ದ ಹಾಸಗ್ಯಾಗ ಬೀಳಲೇನು ನಾನು?"

"ಕಸ್ತೂರೀ, ಎರಡ ವರ್ಷ ಅಂತ ಹೇಳ್ಯಾರ."

"ಕೇಳೇನಿ. ನಾ ದೊಡ್ಡ ಮನಸಿನಾಕಿ ಅಂತ ತಿಳಕೊಂಡಗಿಂಡಿ, ನಾ ನನ್ನ ಹೊಟ್ಟಿ ಸಲುವಾಗೇ ಹೇಳಾಕತ್ತೀನಿ. ಬ್ಯಾರೆ ಹಾದಿ ಹೇಳ. ನೀ ಅಷ್ಟ ಓದೀದಿ."

ಬೇರೆ ಹಾದಿ ಒಂದಿತ್ತು. ಇಷ್ಟು ದಿನ ನಾನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹರಿತಕ್ಕೆ ಎಲೆಯ ಉಂಗುರ ಸಿಗದಿದ್ದರೆ ಅದು ಸುಮ್ಮನೆ ಕೂರುತ್ತದೆ. ಕಸ್ತೂರಿಯ ಬಾಯಿಗೆ ಹಸಿರು ಬೀಳಬಾರದು. ಒಂದು ದಿನ, ಒಂದು ತಿಂಗಳಲ್ಲ, ಇರುವ ತನಕ. ಮೆಂತ್ಯವಿಲ್ಲ, ರಾಜಗಿರಿಯಿಲ್ಲ, ಹಸಿಮೆಣಸಿನಕಾಯಿಯಿಲ್ಲ, ಒಗ್ಗರಣೆಗೆ ಕರಿಬೇವಿಲ್ಲ, ಸಾರಿನ ಮೇಲೆ ಕೊತ್ತಂಬರಿಯ ಒಂದು ಎಸಳೂ ಇಲ್ಲ. ಎಲೆಯಿಂದ ಬರುವ ಜೀವಸತ್ವಕ್ಕೆ ಗುಳಿಗೆ.

"ಹಕ್ಕರಕಿ?" ಎಂದಳು.

"ಇಲ್ಲ."

ಹಕ್ಕರಕಿಯೆಂದರೆ ಅವಳಿಗೆ ಪ್ರಾಣ. ನೆತ್ತರು ಏರಿಸಿಕೊಂಡು ಬಂದ ದಿನ ಬಾಯಿ ಕೆಟ್ಟಿರುತ್ತದೆ, ಅವತ್ತು ಅವಳು ಕೇಳುತ್ತಿದ್ದದ್ದು ಅದೊಂದೇ. "ಆತು ಬಿಡು," ಎಂದು ಸೀಸೆಯನ್ನು ನನ್ನ ಕೈಗೆ ಕೊಟ್ಟಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸೀಸೆಯನ್ನು ಇದ್ದಲ್ಲೇ ಇಟ್ಟೆ. ತಿರುಗಿದರೆ ಬಾಗಿಲಲ್ಲಿ ಮಗದುಮ್ಮರು ನಿಂತಿದ್ದರು. "ಪೆಟಗಿ ಬಾಗಲಾ ನೆಟ್ಟಗ ಹಾಕ್ರಿ, ಥಂಡಿ ಹೋಕ್ಕೈತಿ" ಎಂದಷ್ಟೇ ಹೇಳಿ ಚಹಾಕ್ಕೆ ನೀರಿಡಲು ಹೋದರು.

ಹಸಿರಿಲ್ಲದ ಅಡುಗೆ ಶುರುವಾಯಿತು. ಅವ್ವ ಅರವತ್ತು ವರ್ಷದ ಕೈ ಅಭ್ಯಾಸ ಬಿಡಬೇಕಾಯಿತು. ಒಗ್ಗರಣೆ ಸಿಡಿಯುವಾಗ ಕರಿಬೇವಿಗೆ ಕೈ ಚಾಚಿ, ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ಬದನೆಕಾಯಿಯ ತೊಟ್ಟು ಸುತ್ತ ಸುಲಿಯುತ್ತಿದ್ದಳು. ರೊಟ್ಟಿ, ಬೇಳೆ, ಗಜ್ಜರಿ, ಶೇಂಗಾ ಹಿಂಡಿ. ಮುಂಜಾನೆ ತಪ್ಪಲು ಮಾರುವವಳು ಓಣಿಯಲ್ಲಿ ಕೂಗುತ್ತ ಬಂದರೆ ಕಸ್ತೂರಿ ಮಗ್ಗದ ಕೋಣೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು.

ಮೊದಲ ವಾರವೇ ಅವ್ವ ಹೇಳಿದಳು: "ಅಕಿ ಬಿಟ್ಟದ್ದು ನನಗೂ ಬ್ಯಾಡ." ಕಾಶಿಗೆ ಹೋದವರು ಇಷ್ಟದ ಹಣ್ಣು ಬಿಟ್ಟು ಬರುತ್ತಾರಲ್ಲ, ಹಾಗೆ. ನಾನೂ ಬಿಟ್ಟೆ. ಮನೆಯಲ್ಲಷ್ಟೇ ಅಲ್ಲ, ಕೇಂದ್ರದಲ್ಲೂ ತಪ್ಪಲು ಮುಟ್ಟಲಿಲ್ಲ. ವಿಜ್ಞಾನ ಓದಿದವಳು ಹರಕೆ ಹೊತ್ತಂತೆ ಕೂತೆ. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ತಪ್ಪು ಮಾಡಿದವಳಿಗೆ ಏನಾದರೂ ಒಂದು ಶಿಕ್ಷೆ ಬೇಕಾಗಿತ್ತು, ಅದೇ ನಿಜ.

ಐದು ತಿಂಗಳು ಕಳೆಯಿತು. ಕಸ್ತೂರಿಯ ಕಬ್ಬಿಣದ ಅಳತೆ ನಿಂತಿತು, ಆಮೇಲೆ ನಿಧಾನಕ್ಕೆ ಇಳಿಯತೊಡಗಿತು. ಹೃದಯದ ಸ್ಕ್ಯಾನ್ ನೋಡಿದ ಡಾಕ್ಟರು, ಹೆಚ್ಚಾಗಿಲ್ಲ, ಸದ್ಯಕ್ಕೆ ಇಷ್ಟೇ ಸಾಕು ಎಂದರು. ಇನ್ನುಳಿದ ನಾಲ್ಕು ಮನೆಗಳಿಗೂ ಇದೇ ಊಟದ ಪಟ್ಟಿ ಕಳಿಸಿದ್ದೆ. ಮೂರು ಮನೆಯಿಂದ ಒಳ್ಳೆಯ ಸುದ್ದಿ ಬಂತು. ನಾಲ್ಕನೆಯ ಮನೆಯವರು ಫೋನು ಎತ್ತುತ್ತಿಲ್ಲ. ನಾನು ಈಗಲೂ ಮಾಡುತ್ತಲೇ ಇದ್ದೇನೆ.

ಆ ತಿಂಗಳ ಪಾಳಿ ನನ್ನದೂ ಶಮಶಾದಳದೂ ಇತ್ತು. ಅವಳು ತುಂಬು ಬಸುರಿ, ಅವಳ ಬದಲು ಖಾಜಾಬಿ ಬಂದಳು. ಖಾಜಾಬಿಯ ಚೀಲ ತುಂಬಿತು. ನನ್ನ ಬೆರಳು ಚುಚ್ಚಿದ ನರ್ಸು ಯಂತ್ರ ನೋಡಿ, ಇನ್ನೊಂದು ಬೆರಳು ಚುಚ್ಚಿದಳು.

"ಹನ್ನೊಂದು ಪಾಯಿಂಟ್ ನಾಕ್ ಐತ್ರೀ ಅಕ್ಕಾರ. ಬರಂಗಿಲ್ಲ. ಏನ್ ಊಟಾ ಬಿಟ್ಟೀರೇನು?"

ಪರದೆಯ ಆಚೆ ಹಾಸಿಗೆಯ ಮೇಲೆ ಕಸ್ತೂರಿ ಮಲಗಿದ್ದಳು. ಅವಳಿಗೆ ಎಲ್ಲ ಕೇಳಿಸಿತು. ಅವತ್ತು ಒಂದೇ ಚೀಲ ಏರಿತು. ಇನ್ನೊಂದಕ್ಕೆ ಮೂರು ದಿನ ಕಾ‍ಯಬೇಕಾಯಿತು, ಆ ಮೂರು ದಿನ ಅವಳು ಗೋಡೆ ಹಿಡಿದು ನಡೆದಳು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಒಳಗಿನಿಂದ ಅವಳೇ ತಟ್ಟೆ ಹಿಡಿದು ಬಂದಳು. ತಟ್ಟೆಯ ತುಂಬ ಹಕ್ಕರಕಿ. ಬೆಳಿಗ್ಗೆ ತಾನೇ ಬಾಗಿಲಿಗೆ ಹೋಗಿ ಕೊಂಡು, ತೊಳೆದು, ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ ಹಾಕಿ, ಗುರೆಳ್ಳು ಹಿಂಡಿ ಉದುರಿಸಿದ್ದಳು. ಖಾಜಾಬಿಯ ಮನೆಯಿಂದ ಮೊಸರು ತರಿಸಿದ್ದಳು. ತಟ್ಟೆಯನ್ನು ನನ್ನ ಮುಂದೆ ಇಟ್ಟು ಎದುರಿಗೆ ಕೂತಳು.

"ತಿನ್ನ."

"ನನಗ ಬ್ಯಾಡ."

"ಹರಕಿ ಹೊತ್ತೀಯೇನು? ಯಾವ ದೇವರಿಗೆ? ನೀ ತಿಂದ್ರ ನಾ ಬದಕ್ತೀನಿ, ನಾ ತಿಂದ್ರ ನಾ ಸಾಯ್ತೀನಿ. ಇಷ್ಟ ತಿಳಿಯಂಗಿಲ್ಲ, ಬಿಳೆ ಕೋಟ ಹಾಕ್ಕೊಂಡ ತಿರಗ್ತಿ." ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದಳು. "ನನ್ನ ಪಾಲಿಂದೂ ನೀನ ತಿನಬೇಕಕ್ಕ. ನನಗ ತಿನ್ನಾಕ ಇರೂ ಬಾಯಿ ನಿಂದ ಒಂದ."

ಅವ್ವ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು, ತಿರುಗಲಿಲ್ಲ. ನಾನು ರೊಟ್ಟಿ ಮುರಿದೆ. ಹಕ್ಕರಕಿ ಮೊಸರು ಹಿಡಿದು ಬಾಯಿಗಿಟ್ಟೆ. ಐದು ತಿಂಗಳ ಮೇಲೆ ನಾಲಿಗೆಗೆ ಬಿದ್ದ ಹಸಿರು. ಕಣ್ಣಲ್ಲಿ ನೀರು ತುಂಬಿ ತಟ್ಟೆ ಕಾಣಲಿಲ್ಲ, ಆದರೂ ಅಗಿದೆ.

"ಎಳೀದೈತೇನು?" ಎಂದಳು.

"ಎಳೀದೈತಿ."

"ದಂಟ ಕಚ್ಚಿದ್ರ ನೀರ ಬಿಡತೈತಿ?"

"ಬಿಡತೈತಿ. ತಂಪ ಐತಿ. ಹಿಂಡಿ ಜರಾ ಖಾರ ಆಗೇತಿ."

"ಕಡೀಕ ಸ್ವಲ್ಪ ಕಹಿ ಬರತಿತ್ತಲ್ಲ?"

"ಬರತೈತಿ. ಗಂಟಲದಾಗ."

"ಹಂಗ ಹೇಳಕೋತ ತಿನ್ನ," ಎಂದು ಮೊಣಕಾಲಿಗೆ ಗದ್ದ ಊರಿ ನನ್ನ ಬಾಯಿಯನ್ನೇ ನೋಡುತ್ತ ಕೂತಳು. ನಾನು ಪ್ರತಿ ತುತ್ತಿಗೂ ರುಚಿ ಹೇಳಿದೆ. ಪ್ರತಿ ತುತ್ತಿಗೂ ಅವಳು ಉಗುಳು ನುಂಗಿದಳು.